ತಳ ಕಾಣಬೇಕು ಎನ್ನುವವರಿಗೆ

ಮಳೆ ಹಿಡಿದು ಕಕ್ಕಸು ಗುಂಡಿಗಳು ತುಂಬತೊಡಗಿದರೆ ಸಾಕು, ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೆಲವರು ಮೊಬೈಲಿನಲ್ಲಿ ಫೋಟೊ ಹಾಕಿ ಕೇಳುತ್ತಾರೆ, ಕೆಲವರು ಬೇಗೂರಿನ ಬಸ್ ನಿಲ್ದಾಣದಲ್ಲಿ ತಡೆದು ನಿಲ್ಲಿಸಿಯೇ ಕೇಳುತ್ತಾರೆ. ‘ಅಲ್ಲ ಮೇಷ್ಟ್ರೇ, ಗ್ಲೌಸು ಕೊಡ್ತಾರೆ, ಗಮ್ ಬೂಟು ಕೊಡ್ತಾರೆ, ಮಾಸ್ಕು ಕೊಡ್ತಾರೆ. ಆದ್ರೂ ಇವ್ರು ಬರಿಗೈಲೇ ಇಳೀತಾರಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ?’ ಕಾಳಜಿಯಿಂದಲೇ ಕೇಳುತ್ತಾರೆ, ಅನುಮಾನವಿಲ್ಲ. ಆದರೆ ಆ ಕಾಳಜಿಯ ಬೆನ್ನಿಗೇ ಒಂದು ತೀರ್ಪೂ ಅಂಟಿಕೊಂಡಿರುತ್ತದೆ: ಕೊಡುವವರು ಕೊಟ್ಟಾಯಿತು, ಇನ್ನು ತಪ್ಪೇನಿದ್ದರೂ ಹಾಕಿಕೊಳ್ಳದವರದ್ದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನಗೆ ಈ ತೀರ್ಪಿನಲ್ಲಿ ರಸಾಯನಶಾಸ್ತ್ರದ ತಪ್ಪೂ ಕಾಣುತ್ತದೆ, ಲೋಕಜ್ಞಾನದ ತಪ್ಪೂ ಕಾಣುತ್ತದೆ.

ಬೇಗೂರು ಗುಂಡಿಗಳ ಊರು. ಗುಂಡ್ಲುಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ನಂಜನಗೂಡು ದಾಟಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯ ಎರಡೂ ಮಗ್ಗುಲಿಗೆ ಹಬ್ಬಿಕೊಂಡಿದೆ. ಊಟಿಗೆ, ವಯನಾಡಿಗೆ ಹೋಗುವ ಕಾರುಗಳು ಇಲ್ಲಿ ಹಾದೇ ಹೋಗಬೇಕು. ರಸ್ತೆ ಬದಿಯ ಹೋಟೆಲು, ಶಾಲೆ, ಹೊಸದಾಗಿ ಎದ್ದ ಆರ್‌ಸಿಸಿ ಮನೆ, ಯಾವುದರ ಹಿತ್ತಲಿಗೆ ಹೋದರೂ ಒಂದು ಗುಂಡಿ. ಹಳೆಯದಾದರೆ ಕಲ್ಲು ಕಟ್ಟಿ ಚಪ್ಪಡಿ ಮುಚ್ಚಿದ್ದು, ಹೊಸದಾದರೆ ಸಿಮೆಂಟ್ ರಿಂಗು ಇಳಿಸಿದ್ದು. ಅದು ತುಂಬಿದರೆ ‘ಸಕ್ಕಿಂಗ್ ಗಾಡಿ’ಗೆ ಫೋನು. ಕಾಂಪೌಂಡ್ ಗೋಡೆ, ಕರೆಂಟು ಕಂಬಗಳ ಮೇಲೆ ಬರೆದಿರುವ ಆ ನಂಬರುಗಳೇ ನಮ್ಮ ಕಡೆಯ ಒಳಚರಂಡಿ ಮಂಡಳಿ. ರಸ್ತೆ ಚರಂಡಿ ಬಾಚುವವರು ಪಂಚಾಯ್ತಿಯ ಸ್ವಚ್ಛತಾ ಸಿಬ್ಬಂದಿ. ಗುಂಡಿ ಬರಿದು ಮಾಡುವವರು ಗಾಡಿ ಮಾಲೀಕರ ಕೈಕೆಳಗಿನ ಕೂಲಿಯವರು. ಮೊದಲನೆಯವರಿಗೆ ಹಾಜರಿ ಪುಸ್ತಕವಾದರೂ ಇದೆ, ಎರಡನೆಯವರಿಗೆ ಇರುವುದು ಲೋಡಿನ ಲೆಕ್ಕ ಮಾತ್ರ.

ಇಂಥ ಕೆಲಸಕ್ಕೆ ಯಾವ ಕೇರಿಯಿಂದ ಜನ ಬರುತ್ತಾರೆಂದು ನಮ್ಮ ಕಡೆ ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಕೇಂದ್ರ ಸರ್ಕಾರ ದೇಶದ ನಗರಗಳಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಕಾರ್ಮಿಕರ ವಿವರ ಕಲೆಹಾಕಲು ಹೊರಟು, 2024ರ ಹೊತ್ತಿಗೆ ಸುಮಾರು 38,000 ಮಂದಿಯನ್ನು ಪಟ್ಟಿ ಮಾಡಿತ್ತು. ಅವರಲ್ಲಿ ನೂರಕ್ಕೆ 92ರಷ್ಟು ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರು. ಪರಿಶಿಷ್ಟ ಜಾತಿಯವರೇ ಸುಮಾರು 69ರಷ್ಟು. ಗ್ಲೌಸಿನ ಮಾತಾಡುವಾಗ ಈ ಅಂಕಿಯನ್ನು ಪಕ್ಕಕ್ಕಿಟ್ಟರೆ ಮಾತು ದಾರಿ ತಪ್ಪುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ಮನೆಗೆ ಸಕ್ಕಿಂಗ್ ಗಾಡಿ ಬಂದಿತ್ತು. ಡ್ರೈವರ್ ಜೊತೆ ಇಬ್ಬರು ಹುಡುಗರು. ಅವರಲ್ಲಿ ಒಬ್ಬ ನನ್ನ ಕೈಯಲ್ಲೇ ಎಂಟನೇ ತರಗತಿ ಓದಿ ಬಿಟ್ಟವನು. ಹಾರೆಯಿಂದ ಚಪ್ಪಡಿ ಮೀಟಿದರು, ಮೇಲಿನ ಗಟ್ಟಿ ಕೆನೆಯನ್ನು ಬಿದಿರು ಗಳದಿಂದ ಒಡೆದರು, ದಪ್ಪ ಪೈಪನ್ನು ಇಬ್ಬರೂ ತಬ್ಬಿಕೊಂಡು ಒಳಕ್ಕೆ ಬಿಟ್ಟರು. ಮೈಮೇಲೆ ಬನಿಯನ್, ಮಂಡಿವರೆಗೆ ಮಡಚಿದ ಪ್ಯಾಂಟು, ಕಾಲಲ್ಲಿ ಹವಾಯಿ ಚಪ್ಪಲಿ. ಗಾಡಿಯ ಸೀಟಿನ ಹಿಂದೆ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸು ತುರುಕಿದ್ದು ಕಾಣುತ್ತಿತ್ತು. ‘ಯಾಕಪ್ಪಾ, ಅದನ್ನ ಹಾಕ್ಕೊಬಾರ್ದಾ?’ ಅಂದೆ. ‘ಇಕ್ಕಂಡ್ರ ಪೈಪು ಕೈಲಿ ನಿಲ್ಲಲ್ಲ ಕನ ಮೇಷ್ಟ್ರ, ಜಾರ್ತದ. ಜಾರಿ ಮಕುಕ್ಕೆ ಹೊಡುದ್ರ?’ ಅಂದ. ಪೈಪು ಎಳೆಯುತ್ತಿದ್ದಾಗ ಅದರ ಬಾಯಿ ಎಗರಿಬಿದ್ದರೆ ಏನಾಗುತ್ತದೆಂದು ನಾನು ಕೇಳಬೇಕಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಅವನೇ ಗ್ಲೌಸನ್ನು ತಂದು ತಿರುವಿ ತೋರಿಸಿದ. ಎಡಗೈ ತೋರುಬೆರಳು ಸೀಳಿತ್ತು. ಒಳಮೈ ಒದ್ದೆ, ಕಪ್ಪಗೆ ಬೂಸ್ಟು ಹಿಡಿದಿತ್ತು, ಗುಂಡಿಗಿಂತ ಅದೇ ಹೆಚ್ಚು ನಾರುತ್ತಿತ್ತು. ‘ಒಂದ್ಸಲ ಒಳಕ್ಕ ನೀರು ಹೋದ್ರ ಆಯ್ತು. ದಿನೊಂಪೂರ ಅದ್ರೊಳಗೇ ಕೈ ಇಕ್ಕಂಡಿರ್ಬೇಕು. ಬರಿಗೈ ಆದ್ರ ತೊಳ್ಕಂಡು ಒರಸ್ಕಬೌದು.’

ಈ ಮಾತನ್ನು ಉಡಾಫೆ ಎಂದು ತಳ್ಳಿಹಾಕುವವರು ಒಂದು ದಿನ ಒದ್ದೆ ಗ್ಲೌಸಿನಲ್ಲಿ ಕೈಯಿಟ್ಟುಕೊಂಡು ನೋಡಬೇಕು. ಹರಿದ ಗ್ಲೌಸು ಹೊಲಸನ್ನು ಹೊರಗಿಡುವುದಿಲ್ಲ, ಒಳಗೇ ಹಿಡಿದಿಡುತ್ತದೆ. ಚರ್ಮ ಬೆಂಡಾಗಿ ಬಿರಿಯುತ್ತದೆ, ಬಿರುಕಿನಲ್ಲಿ ರೋಗಾಣು ಇಳಿಯುತ್ತದೆ. ಇಲಿ ಜ್ವರ ಹೀಗೇ ಬರುವುದು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಚಿಕ್ಕ ಗಾಯಕ್ಕೆ ತಾಗಿದರೂ ಸಾಕು. ಗಮ್ ಬೂಟಿನ ಕಥೆಯೂ ಅಷ್ಟೇ. ಮಂಡಿಯುದ್ದದ ನೀರಿಗೆ ಮೊಣಕಾಲಿನ ಕೆಳಗಿನ ಬೂಟು ಹಾಕಿಕೊಂಡು ಇಳಿದರೆ ಮೊದಲು ತುಂಬುವುದು ಬೂಟೇ. ಚರಂಡಿಯ ತಳದಲ್ಲಿ ಗಾಜಿದೆಯೋ ಕಲ್ಲಿದೆಯೋ ಎಂದು ಕಾಲ್ಬೆರಳಲ್ಲೇ ಸವರಿ ತಿಳಿಯುವ ಅಭ್ಯಾಸವಾದವರಿಗೆ ದಪ್ಪ ಅಟ್ಟೆಯ ಬೂಟು ಕಣ್ಣು ಕಟ್ಟಿದ ಹಾಗಾಗುತ್ತದೆ. ಚರಂಡಿ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ಅವರ ಕೈಗೆ ಸಿಗುವುದು ಗಂಡಸರ ಅಳತೆಯ ಗ್ಲೌಸು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ರಬ್ಬರ್ ಜೋತಾಡುತ್ತಿದ್ದರೆ ಕಡ್ಡಿ ಹಿಡಿಯಲೂ ಆಗದು. ಸೀರೆಯ ಮೇಲೆ ಒಂದು ಶರ್ಟು, ಕಾಲಿಗೆ ಎರಡು ಅಳತೆ ದೊಡ್ಡ ಬೂಟು. ಇದನ್ನು ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲಿ ಮೂರು ತಾಸು ಸಲಿಕೆ ಎತ್ತು ಎಂದರೆ ಯಾರು ಎತ್ತುತ್ತಾರೆ?

ಕೊಡುವ ವಿಧಾನವನ್ನೂ ನೋಡಬೇಕು. ಬಹಳ ಕಡೆ ಸೇಫ್ಟಿ ಕಿಟ್ ಎಂಬುದು ವರ್ಷಕ್ಕೊಮ್ಮೆಯ ಸಮಾರಂಭ. ಶಾಮಿಯಾನ ಹಾಕಿ, ಹಾರ ಹಾಕಿ, ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿದರೆ ಕಡತದಲ್ಲಿ ಸುರಕ್ಷತೆ ಮುಗಿಯಿತು. ದಿನಾ ಕೆಸರಿನಲ್ಲಿ ಆಡುವ ರಬ್ಬರ್ ಗ್ಲೌಸು ತಿಂಗಳು ಬಾಳಿದರೆ ಹೆಚ್ಚು. ಉಳಿದ ಹನ್ನೊಂದು ತಿಂಗಳಿಗೆ ಯಾರು ಜವಾಬು? ಗ್ಲೌಸನ್ನು ತೊಳೆದು ಒಣಗಿಸಲು ಒಂದು ನಲ್ಲಿ, ಒಂದು ತಂತಿ, ಕೈಗೆ ಸೋಪು, ಬಟ್ಟೆ ಬದಲಿಸಲು ಮರೆ ಇರುವ ಒಂದು ಕೋಣೆ ಇಲ್ಲದಿದ್ದರೆ, ಕೊಟ್ಟ ಕಿಟ್ ಎಷ್ಟು ದುಬಾರಿಯದಾದರೂ ವ್ಯರ್ಥ. ಹಾಗಿದ್ದೂ ಹೇಳುತ್ತೇನೆ, ಚರಂಡಿ ಬಾಚುವ ಕೆಲಸಕ್ಕೆ ಒಳ್ಳೆಯ ಗ್ಲೌಸು, ಬೂಟು ಬೇಕೇ ಬೇಕು. ಕೈಗೆ ಹಿಡಿತ ಸಿಗುವಂತೆ ಒರಟು ಅಂಗೈ ಇರುವ, ಮೊಣಕೈವರೆಗೆ ಬರುವ, ಅಳತೆಗೆ ತಕ್ಕ ಗ್ಲೌಸು ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೊಳ್ಳುವವರು ಹಾಕಿಕೊಳ್ಳುವವರನ್ನು ಒಂದು ಮಾತು ಕೇಳಿ ಕೊಂಡರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹೊಲಸಿನಿಂದ ಕಾಪಾಡುವ ಸಾಮಾನಿನ ವಿಚಾರ. ಅದಿಲ್ಲದಿದ್ದರೆ ಕಾಯಿಲೆ ಬರುತ್ತದೆ, ಕಜ್ಜಿ ಬರುತ್ತದೆ, ಕಾಮಾಲೆ ಬರುತ್ತದೆ. ಆದರೆ ಪತ್ರಿಕೆಯಲ್ಲಿ ನಾವು ಓದುವ ಸಾವುಗಳು ಹೊಲಸಿನಿಂದ ಬಂದವಲ್ಲ, ಗಾಳಿಯಿಂದ ಬಂದವು. ಗ್ಲೌಸು, ಬೂಟು, ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು ಎಲ್ಲ ಹಾಕಿಕೊಂಡು ಗುಂಡಿಗಿಳಿದವನೂ ಬನಿಯನ್ನಿನಲ್ಲಿ ಇಳಿದವನಷ್ಟೇ ಬೇಗ ಸಾಯುತ್ತಾನೆ. ನಾವು ಫೋಟೊ ತೆಗೆಸುವುದು ಮೊದಲನೆಯ ಬಗೆಯ ಸಾಮಾನಿನ ಜೊತೆ. ಜೀವ ಹೋಗುವುದು ಎರಡನೆಯ ಬಗೆಯದು ಇಲ್ಲದೆ.

ಮುಚ್ಚಿದ ಗುಂಡಿಯೊಳಗೆ ಗಾಳಿಯಾಡದೆ ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತವೆ, ಆಮ್ಲಜನಕ ತಗ್ಗುತ್ತದೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಪಾಲು. ಅದು 19.5ಕ್ಕಿಂತ ಇಳಿದರೆ ಅಲ್ಲಿ ಮನುಷ್ಯ ಕೆಲಸ ಮಾಡಬಾರದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಅದಕ್ಕೇ ತಳದಲ್ಲಿ ಮಲಗಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿದ್ದರೂ ಮೂಗಿಗೆ ತಿಳಿಯುತ್ತದೆ. ಇಲ್ಲೇ ಅದರ ಮೋಸವಿರುವುದು. 100 ಪಾಲು ತಲುಪಿತೆಂದರೆ ಕೆಲವೇ ನಿಮಿಷಗಳಲ್ಲಿ ವಾಸನೆ ಹಿಡಿಯುವ ಶಕ್ತಿಯೇ ಸೋತುಹೋಗುತ್ತದೆ. ಒಳಗಿದ್ದವನು ‘ವಾಸ್ನೆ ಹೋಯ್ತು, ಈಗ ಸರಿಯಾಯ್ತು’ ಅಂದುಕೊಳ್ಳುವ ಗಳಿಗೆಯೇ ಅಪಾಯದ ಗಳಿಗೆ. 500 ದಾಟಿದರೆ ಐದು ನಿಮಿಷದೊಳಗೆ ತತ್ತರಿಸಿ ಬೀಳುತ್ತಾನೆ. 700 ದಾಟಿ 1,000ದ ಕಡೆಗೆ ಹೋದರೆ ಒಂದೆರಡು ಉಸಿರು, ಅಷ್ಟೇ. ಕೂಗಲೂ ಸಮಯವಿರುವುದಿಲ್ಲ.

ಗುಂಡಿ ಮೇಲಿನಿಂದ ಶಾಂತವಾಗಿ ಕಂಡರೂ ಈ ಅನಿಲ ಕೆಸರಿನೊಳಗೆ ಗುಳ್ಳೆಗಳಾಗಿ ಸಿಕ್ಕಿಕೊಂಡಿರುತ್ತದೆ. ಕಾಲಿಟ್ಟು ಕಲಕಿದಾಗ ಒಮ್ಮೆಲೇ ಏಳುತ್ತದೆ. ‘ಒಂದು ಗಂಟೆ ಮುಚ್ಚಳ ತೆಗೆದಿಟ್ಟಿದ್ದೆವು’ ಎಂದು ಹೇಳುವವರು ಇದನ್ನು ತಿಳಿದಿರಬೇಕು. ಬಾವಿಗೆ ದೀಪ ಇಳಿಸಿ ನೋಡುವ ನಮ್ಮ ಹಿರಿಯರ ಪದ್ಧತಿಯನ್ನು ಇಲ್ಲಿಗೆ ತರುವವರೂ ಇದ್ದಾರೆ. ದಯವಿಟ್ಟು ಬೇಡ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲಿದ್ದರೆ ಕಿಡಿ ತಾಗಿ ಸಿಡಿಯುತ್ತದೆ. ಸಿಡಿಯದೆ ದೀಪ ಉರಿಯಿತು ಎಂದುಕೊಳ್ಳಿ, ಹೈಡ್ರೋಜನ್ ಸಲ್ಫೈಡ್ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ಮಾಸ್ಕು. ಕೊರೊನಾ ಕಾಲದಲ್ಲಿ ನಾವೆಲ್ಲ ಕಟ್ಟಿಕೊಂಡ ಬಟ್ಟೆಯ ಮಾಸ್ಕಾಗಲಿ, ಎನ್-95 ಆಗಲಿ ತಡೆಯುವುದು ಗಾಳಿಯಲ್ಲಿ ತೇಲುವ ಕಣಗಳನ್ನು, ಅನಿಲವನ್ನಲ್ಲ. ಡಬ್ಬಿ ಕೂಡಿಸಿದ ಗ್ಯಾಸ್ ಮಾಸ್ಕು ಕೆಲವು ಅನಿಲಗಳನ್ನು ಹೀರಿಕೊಂಡೀತು, ಆದರೆ ಇಲ್ಲದ ಆಮ್ಲಜನಕವನ್ನು ಎಲ್ಲಿಂದ ತಂದೀತು? ಗುಂಡಿಯೊಳಗೆ ಕೆಲಸಕ್ಕೆ ಬರುವುದು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ಮೂಗಿಗೆ ತಲುಪಿಸುವ ಸಾಧನ, ಇಲ್ಲವೆ ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್. ಸಿಲಿಂಡರ್ ಹೊತ್ತವನು ಕಿರಿದಾದ ಬಾಯಿಯಲ್ಲಿ ತೂರುವುದೇ ಕಷ್ಟ. ಅದರ ಜೊತೆಗೆ ನಾಲ್ಕು ಬಗೆಯ ಗಾಳಿ ಅಳೆಯುವ ಮೀಟರು ಬೇಕು, ಗಾಳಿ ತುಂಬುವ ಬ್ಲೋವರ್ ಬೇಕು, ಬಿದ್ದವನನ್ನು ಯಾರೂ ಇಳಿಯದೆ ಮೇಲೆತ್ತಲು ಮುಕ್ಕಾಲಿ, ರಾಟೆ, ಮೈಗೆ ಬಿಗಿಯುವ ಪಟ್ಟಿ ಬೇಕು, ಇದನ್ನೆಲ್ಲ ಬಳಸಲು ತರಬೇತಾದ ಜನ ಬೇಕು. ಮೂರು ಸಾವಿರಕ್ಕೋ ನಾಲ್ಕು ಸಾವಿರಕ್ಕೋ ಲೋಡು ಒಪ್ಪಿಕೊಂಡು ಬರುವ ಗಾಡಿಯಲ್ಲಿ ಇದರಲ್ಲಿ ಒಂದೂ ಇರುವುದಿಲ್ಲ ಎಂದು ಹೇಳಲು ಪಂಡಿತನಾಗಬೇಕಿಲ್ಲ.

ಆ ಮುಕ್ಕಾಲಿ, ರಾಟೆಯ ಮಾತು ಸುಮ್ಮನೆ ತೆಗೆದಿದ್ದಲ್ಲ. ಬೆಂಗಳೂರಿನ ಕಗ್ಗದಾಸಪುರದ ಮ್ಯಾನ್‌ಹೋಲಿನಲ್ಲಿ 2017ರ ಮಾರ್ಚಿನಲ್ಲಿ ಸತ್ತವರು ಮೂವರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಪಕ್ಕದ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಮೂವರು. 2021ರ ಜೂನಿನಲ್ಲಿ ರಾಮನಗರದಲ್ಲಿ ಮೂವರು. ಗುಂಡಿಯ ಸಾವು ಒಂಟಿಯಾಗಿ ಬರುವುದು ಕಡಿಮೆ. ಒಬ್ಬ ಬಿದ್ದದ್ದು ಕಂಡರೆ ಇನ್ನೊಬ್ಬ ತಡೆಯಲಾರದೆ ಇಳಿಯುತ್ತಾನೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1986ರಲ್ಲೇ ಎಚ್ಚರಿಸಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸಾಯುವವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು. ನಮ್ಮ ಬೇಗೂರಿನ ಮುಂದೆ ಹಾದುಹೋಗುವ ಹೆದ್ದಾರಿಯ ಆ ತುದಿ ಕೋಯಿಕ್ಕೋಡ್. ಅಲ್ಲಿ 2015ರ ನವೆಂಬರಿನಲ್ಲಿ ಆಂಧ್ರದಿಂದ ಬಂದಿದ್ದ ಇಬ್ಬರು ಕಾರ್ಮಿಕರು ಮ್ಯಾನ್‌ಹೋಲಿನಲ್ಲಿ ಸಿಕ್ಕಿಕೊಂಡಾಗ, ಅವರ ಹೆಸರೂ ಗೊತ್ತಿರದ ಒಬ್ಬ ಆಟೊ ಚಾಲಕ ಓಡಿಬಂದು ಕೈಕೊಡಲು ಹೋದ. ಮೂವರೂ ಉಳಿಯಲಿಲ್ಲ. ಮುಂದೆ ಅದೇ ಕೇರಳದಲ್ಲಿ ಮ್ಯಾನ್‌ಹೋಲಿಗೆ ಇಳಿಸುವ ಯಂತ್ರ ತಯಾರಾಯಿತು. 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಹಚ್ಚಿದ ಅದಕ್ಕೆ ಹೆಗ್ಗಣದ ಹೆಸರಿಟ್ಟಿದ್ದಾರೆ, ‘ಬ್ಯಾಂಡಿಕೂಟ್’ ಎಂದು. ಯಂತ್ರ ನಗರಗಳ ಮ್ಯಾನ್‌ಹೋಲಿಗೆ ಸರಿ, ಬೇಗೂರಿನ ರಿಂಗು ಗುಂಡಿಗೆ ಅದು ಬರುವ ಸೂಚನೆ ಸದ್ಯಕ್ಕಿಲ್ಲ.

ಕಾನೂನು ಏನು ಹೇಳುತ್ತದೆ ಎಂದೂ ಅನೇಕರು ಕೇಳಿದ್ದಾರೆ. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ ಮೊದಲು ಹೆಜ್ಜೆಯಿಟ್ಟವರು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ, 1970ರ ದಶಕದ ಮಾತು. ಅದಾಗಿ ಮೂರೂವರೆ ದಶಕ ಕಳೆದ ಮೇಲೂ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. 2013ರ ಡಿಸೆಂಬರ್ 6ರಿಂದ ದೇಶದಲ್ಲಿ ಹೊಸ ಕಾಯ್ದೆ ಜಾರಿಯಲ್ಲಿದೆ. ಅದರ ಏಳನೇ ಸೆಕ್ಷನ್ ಪ್ರಕಾರ ಯಾವ ವ್ಯಕ್ತಿಯೂ, ಸ್ಥಳೀಯ ಸಂಸ್ಥೆಯೂ, ಏಜೆನ್ಸಿಯೂ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ‘ಅಪಾಯಕಾರಿ ಸ್ವಚ್ಛತೆ’ಗೆ ಯಾರನ್ನೂ ಹಚ್ಚುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

ಅಪಾಯಕಾರಿ ಎಂದರೆ ಯಾವುದು ಎಂದು ಅದೇ ಕಾಯ್ದೆ ಹೇಳುತ್ತದೆ: ಸುರಕ್ಷಾ ಸಾಧನ ಒದಗಿಸದೆ, ಮುನ್ನೆಚ್ಚರಿಕೆ ಪಾಲಿಸದೆ ಕೈಯಿಂದ ಮಾಡಿಸುವ ಸ್ವಚ್ಛತೆ. ಅಂದರೆ ಸಾಧನ ಕೊಟ್ಟು ಇಳಿಸಿದರೆ ಅದು ಆ ವ್ಯಾಖ್ಯೆಯಿಂದ ಹೊರಗೆ. ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಮತ್ತು ಅವರ ಸಂಗಡಿಗರು ಮನುಷ್ಯ ಇಳಿಯುವುದೇ ನಿಲ್ಲಬೇಕು ಎಂದು ಪಟ್ಟು ಹಿಡಿದಿರುವುದು ಇದಕ್ಕೇ. ನನ್ನ ಮತವೂ ಅವರ ಕಡೆಗೇ. ಕಾಯ್ದೆಯ ಜೊತೆ ಬಂದ ನಿಯಮಗಳು 44 ಸಾಮಾನುಗಳ ಪಟ್ಟಿ ಕೊಡುತ್ತವೆ, ಕನಿಷ್ಠ ಮೂವರಿರಬೇಕು, ಅವರಲ್ಲೊಬ್ಬ ಮೇಲ್ವಿಚಾರಕ, ಹಗಲಿನಲ್ಲೇ ಕೆಲಸ, ಒಳಗಿನ ಗಾಳಿ ಪರೀಕ್ಷೆ ಕಡ್ಡಾಯ, 90 ನಿಮಿಷ ದುಡಿದರೆ 30 ನಿಮಿಷ ವಿಶ್ರಾಂತಿ, ಹತ್ತು ಲಕ್ಷ ರೂಪಾಯಿ ಜೀವವಿಮೆ. ಓದಲು ಚೆನ್ನಾಗಿದೆ. ನಮ್ಮ ಕಡೆ ನಡೆಯುವುದು ಇದಲ್ಲ. 44ರಲ್ಲಿ ಎರಡು ಸಾಮಾನು ಕೊಟ್ಟು ಪೂರ್ತಿ ಪಟ್ಟಿಗೆ ಸಹಿ ಹಾಕಿಸಿಕೊಳ್ಳುವುದು.

ಆ ಪಟ್ಟಿಯಲ್ಲಿ ಲೆಡ್ ಅಸಿಟೇಟ್ ಕಾಗದ ಎಂಬ ಒಂದು ಸಣ್ಣ ವಸ್ತುವಿದೆ. ಅದನ್ನು ಕಂಡಾಗ ನನಗೆ ನಮ್ಮ ಪ್ರಯೋಗಾಲಯದ ಕಿಪ್ ಉಪಕರಣ ನೆನಪಾಯಿತು. ಹೈಡ್ರೋಜನ್ ಸಲ್ಫೈಡ್ ತಯಾರಿಸಿ, ಈ ಕಾಗದ ಒದ್ದೆ ಮಾಡಿ ಹಿಡಿದರೆ ಕಣ್ಣಮುಂದೆಯೇ ಕಪ್ಪಾಗುತ್ತದೆ. ಹುಡುಗರು ಮೂಗು ಮುಚ್ಚಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಕಾಗದ ಕಪ್ಪಾದರೆ ಗುಂಡಿಯಲ್ಲಿ ವಿಷವಿದೆ ಎಂದರ್ಥ. ಕಪ್ಪಾಗದಿದ್ದರೆ ಇಳಿಯಬಹುದು ಎಂದರ್ಥವಲ್ಲ, ಆಮ್ಲಜನಕದ ವಿಷಯ ಅದು ಹೇಳದು. ಆದರೂ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ಸಾಮಾನು ಬಹುಶಃ ಇನ್ನೊಂದಿರಲಾರದು. ಅದನ್ನೂ ನಾನು ಯಾವ ಗಾಡಿಯಲ್ಲೂ ಕಂಡಿಲ್ಲ.

2022 ಮತ್ತು 2023ರಲ್ಲಿ ನಡೆದ ಇಂಥ ಸಾವುಗಳಲ್ಲಿ 54ನ್ನು ಆಯ್ದು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಸಾಮಾಜಿಕ ಲೆಕ್ಕಪರಿಶೋಧನೆ ಮಾಡಿಸಿತ್ತು. 2025ರ ಜುಲೈಯಲ್ಲಿ ಅದು ಸಂಸತ್ತಿನ ಮುಂದೆ ಬಂತು. 49 ಪ್ರಕರಣಗಳಲ್ಲಿ ಸತ್ತವರ ಮೈಮೇಲೆ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ಪತ್ರಿಕೆಗಳು ಈ ಅಂಕಿಯನ್ನು ದೊಡ್ಡದಾಗಿ ಹಾಕಿದವು, ಸರಿಯೇ. ನನ್ನ ಕಣ್ಣು ನಿಂತದ್ದು ಇನ್ನೊಂದರ ಮೇಲೆ. 54ರಲ್ಲಿ 38 ಮಂದಿಯನ್ನು ಕರೆದದ್ದು ಸರ್ಕಾರವೂ ಅಲ್ಲ, ದೊಡ್ಡ ಗುತ್ತಿಗೆದಾರರೂ ಅಲ್ಲ. ಯಾರೋ ನೇರವಾಗಿ ಮಾತಾಡಿಕೊಂಡು ಕೂಲಿಗೆ ಕರೆದಿದ್ದರು. ನಿಮ್ಮ ಹಾಗೆ, ನನ್ನ ಹಾಗೆ, ಗೋಡೆಯ ಮೇಲಿನ ನಂಬರಿಗೆ ಫೋನು ಮಾಡಿದವರು. ಏಳನೇ ಸೆಕ್ಷನ್ನಿನ ‘ಯಾವ ವ್ಯಕ್ತಿಯೂ’ ಎಂಬ ಮಾತಿನೊಳಗೆ ಮನೆ ಯಜಮಾನನೂ ಬರುತ್ತಾನೆ. ಗ್ಲೌಸು ಹಾಕಿಕೊಳ್ಳದ ಹುಡುಗನನ್ನು ಬೈಯುವ ಮೊದಲು, ಅವತ್ತಿನ ಮಟ್ಟಿಗೆ ಅವನನ್ನು ಕೆಲಸಕ್ಕೆ ಹಚ್ಚಿದವರು ಯಾರು ಎಂದು ನೋಡಿಕೊಳ್ಳಬೇಕು. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿದೆ.

ಸಕ್ಕಿಂಗ್ ಗಾಡಿ ಬಂದ ಮೇಲೆ ಮನುಷ್ಯ ಇಳಿಯುವುದೇಕೆ ಎಂದು ಕೇಳಬಹುದು. ಪೈಪು ಎಳೆಯುವುದು ತೆಳು ಕೊಳಚೆಯನ್ನು. ತಳದ ಒಂದೆರಡು ಅಡಿ ವರ್ಷಗಟ್ಟಲೆ ಕೂತು ಗಟ್ಟಿಯಾಗಿರುತ್ತದೆ. ಅದರೊಳಗೆ ಮಕ್ಕಳ ಡೈಪರು, ಪ್ಯಾಡು, ಹಳೇ ಬಟ್ಟೆ, ಶಾಂಪೂ ಚೀಟಿ ಎಲ್ಲ ಸೇರಿ ಪೈಪಿನ ಬಾಯಿಗೆ ಅಡರುತ್ತವೆ. ಆಗ ಹಿತ್ತಲ ಬಾಗಿಲಲ್ಲಿ ನಿಂತ ಮನೆಯವರು ಹೇಳುವ ಮಾತೊಂದಿದೆ: ‘ಅಷ್ಟು ದುಡ್ಡು ಕೊಡ್ತೀವಿ, ತಳ ಕಾಣಂಗೆ ತೆಗೀರಪ್ಪ.’ ಮೇಲೆ ಇನ್ನೂರು, ಒಂದು ಕ್ವಾರ್ಟರ್. ಹುಡುಗ ಬನಿಯನ್ನು ಬಿಚ್ಚುತ್ತಾನೆ. ಗುಂಡಿಗಿಳಿಸುವ ಆಜ್ಞೆಯನ್ನು ಯಾರೂ ಕೊಟ್ಟಿರುವುದಿಲ್ಲ, ಆದರೂ ಅವನು ಇಳಿದಿರುತ್ತಾನೆ. ನಿಜ ಹೇಳಬೇಕೆಂದರೆ ತಳ ಕಾಣಬೇಕಾದ ಅಗತ್ಯವೇ ಇಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಸ್ವಲ್ಪ ಹಳೆಯ ಕೆಸರು ಉಳಿದರೆ ಒಳ್ಳೆಯದು. ಹೊಸ ಮಲ ಕೊಳೆಯಲು ಬೇಕಾದ ಸೂಕ್ಷ್ಮಜೀವಿಗಳು ಅದರಲ್ಲಿರುತ್ತವೆ, ಹಾಲಿಗೆ ಬಿಡುವ ಹೆಪ್ಪಿನ ಹಾಗೆ.

ಹೊಸದಾಗಿ ಕಟ್ಟಿಸುವವರಿಗೆ ಇನ್ನೂ ಸುಲಭದ ದಾರಿಯಿದೆ. ಒಂದೇ ಆಳದ ಗುಂಡಿಗೆ ರಿಂಗಿನ ಮೇಲೆ ರಿಂಗು ಇಳಿಸುವ ಬದಲು ಅಷ್ಟೇನೂ ಆಳವಿಲ್ಲದ ಎರಡು ಇಂಗುಗುಂಡಿ. ಸ್ವಚ್ಛ ಭಾರತದವರು ಹಳ್ಳಿಗಳಿಗೆ ಹೇಳಿದ್ದು ಇದನ್ನೇ. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಒಂದೂವರೆ ಎರಡು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಮಣ್ಣಿನಂಥ ಗೊಬ್ಬರವಾಗುತ್ತದೆ. ಗಾಡಿಯೂ ಬೇಡ, ಸಿಲಿಂಡರೂ ಬೇಡ. ನಮ್ಮಲ್ಲಿ ಆಳದ ಗುಂಡಿ ತೋಡಿಸಿದ್ದು ಪ್ರತಿಷ್ಠೆ: ‘ನಮ್ದು ಇಪ್ಪತ್ ವರ್ಷ ತುಂಬಲ್ಲ’ ಎಂದು ಹೇಳಿಕೊಳ್ಳುವುದಕ್ಕೆ. ಇಪ್ಪತ್ತೊಂದನೇ ವರ್ಷ ಅದರೊಳಗೆ ಇಳಿಯಬೇಕಾದವನು ಬೇರೆಯವರ ಮನೆಯ ಮಗ.

ಪಂಚಾಯ್ತಿಯ ಪಾಲೂ ಇದೆ. ಕೇಂದ್ರದ ‘ನಮಸ್ತೆ’ ಯೋಜನೆಯಲ್ಲಿ ಕಾರ್ಮಿಕರಿಗೆ ಸುರಕ್ಷಾ ಕಿಟ್, ಆರೋಗ್ಯ ವಿಮೆಯ ಕಾರ್ಡು, ತರಬೇತಿ ಎಲ್ಲ ಉಂಟು; ಆದರೆ ಅದನ್ನು ರೂಪಿಸಿರುವುದು ನಗರ ಸ್ಥಳೀಯ ಸಂಸ್ಥೆಗಳನ್ನು ಲೆಕ್ಕದಲ್ಲಿಟ್ಟುಕೊಂಡು. ಗುಂಡ್ಲುಪೇಟೆ ಪುರಸಭೆ ಆ ಲೆಕ್ಕಕ್ಕೆ ಬಂದರೆ ಬೇಗೂರು ಗ್ರಾಮ ಪಂಚಾಯ್ತಿ ಹೊರಗುಳಿಯುತ್ತದೆ, ಗುಂಡಿಯ ಗಾಳಿ ಎರಡೂ ಕಡೆ ಒಂದೇ ಆದರೂ. ಯೋಜನೆ ಬರಲಿ ಎಂದು ಕಾಯದೆ ಮಾಡಬಹುದಾದ ಕೆಲಸಗಳಿವೆ. ಊರೊಳಗೆ ಬರುವ ಸಕ್ಕಿಂಗ್ ಗಾಡಿಗಳ ಹೆಸರು ಬರೆದುಕೊಂಡು, ಯಾರನ್ನೂ ಇಳಿಸುವುದಿಲ್ಲ ಎಂದು ಮಾಲೀಕರಿಂದ ಬರೆಸಿಕೊಳ್ಳಲಿ. ಎಳೆದ ಲೋಡನ್ನು ಎಲ್ಲಿ ಸುರಿಯುತ್ತಾರೆ ಎಂದೂ ಕೇಳಲಿ. ದೇವನಹಳ್ಳಿಯಲ್ಲಿ 2015ರಲ್ಲೇ ಮಲತ್ಯಾಜ್ಯ ಸಂಸ್ಕರಣಾ ಘಟಕ ಎದ್ದಿದೆ, ನಮ್ಮ ಕಡೆಯ ಲೋಡಿಗೂ ಅಂಥ ಒಂದು ನೆಲೆ ಬೇಕಲ್ಲ. ಸ್ವಚ್ಛತಾ ಸಿಬ್ಬಂದಿಗೆ ಗ್ಲೌಸನ್ನು ವರ್ಷದ ಬದಲು ತಿಂಗಳ ಲೆಕ್ಕದಲ್ಲಿ, ಅವರವರ ಅಳತೆ ಕೇಳಿ ಕೊಡಲಿ. ಧನುರ್ವಾಯು, ಹೆಪಟೈಟಿಸ್-ಬಿ ಚುಚ್ಚುಮದ್ದು ಹಾಕಿಸಿ ಕಾರ್ಡು ಕೊಡಲಿ. ಯಾರಾದರೂ ಗುಂಡಿಯಲ್ಲಿ ಬಿದ್ದರೆ ಇಳಿಯಬೇಡಿ, 112ಕ್ಕೆ ಫೋನು ಮಾಡಿ ಎಂದು ಗೋಡೆಗಳ ಮೇಲೆ, ಆ ಸಕ್ಕಿಂಗ್ ಗಾಡಿಯ ನಂಬರಿನ ಪಕ್ಕದಲ್ಲೇ ಬರೆಸಲಿ.

ಈ ಬರಹಕ್ಕೆ ಕೂತಾಗಲೇ ಬೇಗೂರಿನ ಓದುಗರೊಬ್ಬರ ಪತ್ರ ಬಂತು. ಗಾಡಿಯವರು ತಳದಲ್ಲಿ ಮೊಣಕಾಲುದ್ದ ಕೆಸರು ಬಿಟ್ಟು ಹೋಗಿದ್ದಾರಂತೆ, ಇಳಿಯುವುದಿಲ್ಲ ಎಂದರಂತೆ. ಒಪ್ಪಿಕೊಂಡ ದುಡ್ಡು ಪೂರ್ತಿ ಕೊಡಬೇಕೆ, ಅರ್ಧ ಹಿಡಿದುಕೊಳ್ಳಬಹುದೆ ಎಂದು ಕೇಳಿದ್ದಾರೆ. ಪೂರ್ತಿ ಕೊಡಿ ಸ್ವಾಮಿ. ಆ ಕೆಸರು ಹೋಗಲೇಬೇಕೆಂದಿದ್ದರೆ ದೂರ ನಿಂತು ಮೇಲಿನಿಂದಲೇ ರಭಸವಾಗಿ ನೀರು ಬಿಡಿಸಿ, ತೆಳುವಾದ ಮೇಲೆ ಇನ್ನೊಂದು ಲೋಡು ಎಳೆಸಿ. ಅದಕ್ಕೆ ಬೇರೆ ದುಡ್ಡಾಗುತ್ತದೆ.